ಬಿಸಿಲು ಪುಕ್ಕಟೆ, ಬಡ್ಡಿ ಪುಕ್ಕಟೆಯಲ್ಲ

ಸೋಲಾರ್ ಅಂದ ತಕ್ಷಣ ನಮ್ಮಲ್ಲಿ ಬರುವ ಮೊದಲ ಪ್ರಶ್ನೆ, "ಎಷ್ಟು ಬೀಳುತ್ತೆ?" ಮನೆ ತಾರಸಿ ಮೇಲೆ ನೀರು ಕಾಯಿಸುವ ಸೋಲಾರ್ ಆದರೆ ಅಂಗಡಿಯವನು ಒಂದು ರೇಟು ಹೇಳಿ ಮುಗಿಸುತ್ತಾನೆ. ನೂರಾರು ಎಕರೆಯಲ್ಲಿ ಹಾಸುವ ಸ್ಥಾವರಕ್ಕೆ ಉತ್ತರ ಅಷ್ಟು ಸುಲಭ ಅಲ್ಲ. ಈ ಉತ್ತರ ನೂರು ವರ್ಷದಲ್ಲಿ ಹೇಗೆ ಬದಲಾಯಿತು ಅಂತ ಓದುತ್ತಾ ಹೋದ ನನಗೆ ಕೊನೆಗೆ ಸಿಕ್ಕಿದ್ದು ವಿಜ್ಞಾನದ ಕಥೆಗಿಂತ ಹೆಚ್ಚಾಗಿ ಸಾಲದ ಕಥೆ.

ಶುರು ಆಗೋದು ಈಜಿಪ್ಟಿನಲ್ಲಿ. ಅಮೆರಿಕದ ಫ್ರಾಂಕ್ ಶೂಮನ್ ಎಂಬಾತ 1913ರಲ್ಲಿ ಕೈರೋ ಹತ್ತಿರದ ಮಾಡಿ ಎಂಬಲ್ಲಿ ಉದ್ದುದ್ದ ಕನ್ನಡಿ ತೊಟ್ಟಿಗಳನ್ನು ನಿಲ್ಲಿಸಿ, ಬಿಸಿಲಿನಿಂದ ಹಬೆ ಎಬ್ಬಿಸಿ, ನೈಲ್ ನದಿ ನೀರನ್ನು ಹೊಲಕ್ಕೆ ಎತ್ತಿ ತೋರಿಸಿದ. ಈಜಿಪ್ಟಿಗೆ ಕಲ್ಲಿದ್ದಲು ಹಡಗಿನಲ್ಲಿ ಬರಬೇಕು, ಹಾಗಾಗಿ ಅಲ್ಲಿ ಅದು ದುಬಾರಿ. ಶೂಮನ್ ನಂಬಿದ್ದ ಲೆಕ್ಕ ಅದೇ. ಮರುವರ್ಷವೇ ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು. 1918ರಲ್ಲಿ ಆತ ತೀರಿಕೊಂಡ. ಆಮೇಲೆ ಪೆಟ್ರೋಲಿಯಂ ಕಾಲ.

ಇಲ್ಲೊಂದು ವಿಷಯ ಗಮನಿಸಿ. ಕಲ್ಲಿದ್ದಲಿನ ಯಂತ್ರ ತಂದವನು ಇಂಧನವನ್ನು ದಿನಾ ಸ್ವಲ್ಪ ಸ್ವಲ್ಪ ಕೊಳ್ಳುತ್ತಾನೆ. ಸೋಲಾರ್ ಹಾಕುವವನು ಇಪ್ಪತ್ತೈದು ವರ್ಷದ "ಇಂಧನ"ವನ್ನು ಮೊದಲ ದಿನವೇ ಕೊಂಡುಬಿಡಬೇಕು. ಕೈಯಲ್ಲಿ ಅಷ್ಟು ದುಡ್ಡು ಯಾರ ಹತ್ತಿರ ಇರುತ್ತೆ? ಸಾಲ ಮಾಡಲೇಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಲುಜ್ ಎಂಬ ಕಂಪನಿ. ಶೂಮನ್ ಮಾದರಿಯ ಕನ್ನಡಿ ತೊಟ್ಟಿಗಳನ್ನೇ ಸುಧಾರಿಸಿ, 1984ರಿಂದ 1990ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಒಂಬತ್ತು ಸ್ಥಾವರ ಕಟ್ಟಿತು. ಒಟ್ಟು 354 ಮೆಗಾವ್ಯಾಟ್. ಕಟ್ಟುತ್ತಾ ಹೋದಂತೆ ಖರ್ಚೂ ಇಳಿಯುತ್ತಾ ಬಂತು. ಆದರೂ 1991ರಲ್ಲಿ ಕಂಪನಿ ದಿವಾಳಿ! ತೆರಿಗೆ ರಿಯಾಯಿತಿ ಮುಂದುವರಿಯುತ್ತೋ ಇಲ್ಲವೋ ಅನ್ನೋ ಗೊಂದಲದಲ್ಲಿ ಹಣ ಹಾಕುವವರು ಹಿಂದೆ ಸರಿದರು. ತಮಾಷೆ ಅಂದರೆ ಸ್ಥಾವರಗಳಿಗೆ ಏನೂ ಆಗಲಿಲ್ಲ, ಆಮೇಲೂ ಹತ್ತಾರು ವರ್ಷ ಕರೆಂಟು ಕೊಟ್ಟವು. ಕೆಟ್ಟಿದ್ದು ಯಂತ್ರ ಅಲ್ಲ, ದುಡ್ಡಿನ ವ್ಯವಸ್ಥೆ.

ಸಿಲಿಕಾನ್ ಫಲಕಗಳದ್ದು ಇನ್ನೊಂದು ದಾರಿ. 1954ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿ, ಬಹಳ ವರ್ಷ ಉಪಗ್ರಹಗಳಿಗೆ ಮಾತ್ರ ಕೈಗೆಟುಕುವ ವಸ್ತು ಆಗಿತ್ತು. 1982ರಲ್ಲಿ ಕ್ಯಾಲಿಫೋರ್ನಿಯಾದ ಹೆಸ್ಪೀರಿಯಾದಲ್ಲಿ ಮೊದಲ ಒಂದು ಮೆಗಾವ್ಯಾಟ್ ಸ್ಥಾವರ ಬಂತು. ನಿಜವಾಗಿ ಬೆಲೆ ಇಳಿಯೋಕೆ ಕಾರಣ ಆಗಿದ್ದು 2000ದಲ್ಲಿ ಜರ್ಮನಿ ಮಾಡಿದ ಕಾನೂನು. ಸೋಲಾರ್ ಕರೆಂಟಿಗೆ ಇಪ್ಪತ್ತು ವರ್ಷ ನಿಗದಿತ ದರ ಕೊಡ್ತೀವಿ ಅಂತ ಸರ್ಕಾರ ಮಾತು ಕೊಟ್ಟಿತು. ಬ್ಯಾಂಕಿಗೆ ಧೈರ್ಯ ಬಂತು, ಬೇಡಿಕೆ ಹುಟ್ಟಿತು, ಆ ಬೇಡಿಕೆ ನೋಡಿ ಚೀನಾದವರು ಕಾರ್ಖಾನೆ ಮೇಲೆ ಕಾರ್ಖಾನೆ ಹಾಕಿದರು.

ಈಗ ನಮ್ಮೂರಿಗೆ ಬರೋಣ. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 2009-10ರಲ್ಲಿ 3 ಮೆಗಾವ್ಯಾಟ್ ಸ್ಥಾವರ ಹಾಕಿತು. ಖರ್ಚು ಸುಮಾರು 60 ಕೋಟಿ ರೂಪಾಯಿ. ಅಂದರೆ ಮೆಗಾವ್ಯಾಟಿಗೆ 20 ಕೋಟಿ! ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಪ್ರತಿ ವರ್ಷ ಒಂದು ಮೆಗಾವ್ಯಾಟಿಗೆ ಇಷ್ಟು ಖರ್ಚಾಗಬಹುದು ಅಂತ ಅಂದಾಜು ಹೇಳುತ್ತಿತ್ತು. 2010-11ರಲ್ಲಿ 16.9 ಕೋಟಿ, 2012-13ರಲ್ಲಿ 10 ಕೋಟಿ, 2015-16ರಲ್ಲಿ 6.06 ಕೋಟಿ, 2016-17ರಲ್ಲಿ 5.3 ಕೋಟಿ. ಆರೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಯುನಿಟ್ ದರವೂ ಹಾಗೇ ಬಿತ್ತು. 2010-11ಕ್ಕೆ ಆಯೋಗ ಹಾಕಿದ್ದ ದರ 17 ರೂಪಾಯಿ 91 ಪೈಸೆ. ಅದೇ ವರ್ಷದ ಹರಾಜಿನಲ್ಲಿ ಒಬ್ಬರು 10.95ಕ್ಕೆ ಒಪ್ಪಿದರು, 2011ರ ಕೊನೆಗೆ 7.49. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಾದ್ಲಾದಲ್ಲಿ 2.44. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99! 2022ರ ಏಪ್ರಿಲ್‌ನಿಂದ ಆಮದು ಫಲಕಗಳಿಗೆ ಶೇ. 40 ಸುಂಕ ಬಿದ್ದ ಮೇಲೆ ಆ ದರ ಕನಸಾಯಿತು ಅನ್ನಿ.

ದರ ಹೀಗೆ ಬಿದ್ದಿದ್ದು ಬರೀ ಫಲಕ ಅಗ್ಗವಾಗಿದ್ದಕ್ಕಾ? ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಮೆಗಾವ್ಯಾಟಿಗೆ 6 ಕೋಟಿ, ಪೂರ್ತಿ ಸಾಲ ಅಂತಿಟ್ಟುಕೊಳ್ಳಿ. ಶೇ. 12 ಆದರೆ ಮೊದಲ ವರ್ಷದ ಬಡ್ಡಿ 72 ಲಕ್ಷ, ಶೇ. 9 ಆದರೆ 54 ಲಕ್ಷ. ವ್ಯತ್ಯಾಸ 18 ಲಕ್ಷ. ನಮ್ಮ ಬಿಸಿಲಲ್ಲಿ ಒಂದು ಮೆಗಾವ್ಯಾಟ್ ವರ್ಷಕ್ಕೆ ಹೆಚ್ಚುಕಮ್ಮಿ 17 ಲಕ್ಷ ಯುನಿಟ್ ಕೊಡುತ್ತೆ. ಅಂದರೆ ಬಡ್ಡಿಯಲ್ಲಿ ಮೂರು ಪರ್ಸೆಂಟ್ ಆಚೀಚೆ ಆದರೆ ಯುನಿಟ್ಟಿಗೆ ಒಂದು ರೂಪಾಯಿ ಆಚೀಚೆ! ಜಾಗ, ಲೈನು ಎಲ್ಲಾ ಸಿದ್ಧ ಇರುವ ಸೋಲಾರ್ ಪಾರ್ಕು, ದುಡ್ಡು ಬಂದೇ ಬರುತ್ತೆ ಅನ್ನೋ ಸರ್ಕಾರಿ ಭರವಸೆ, ಇವೆಲ್ಲ ಬ್ಯಾಂಕಿನ ಭಯ ಕಡಿಮೆ ಮಾಡಿದ್ದಕ್ಕೇ ದರ ಇಷ್ಟು ಕೆಳಗೆ ಬಂದಿದ್ದು.

ಇನ್ನು ಜಮೀನು. ತುಮಕೂರು ಜಿಲ್ಲೆಯ ಬರಪೀಡಿತ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕು ಎದ್ದಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಜಮೀನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಇಲ್ಲದ ಊರಿನಲ್ಲಿ ಇದು ಸಣ್ಣ ಮಾತಲ್ಲ, ನಾನೂ ಒಪ್ತೀನಿ. ರೈತನ ಹೆಸರಲ್ಲೇ ಪಹಣಿ ಉಳಿಯಿತಲ್ಲ, ಅದು ದೊಡ್ಡದು.

ಆದರೆ ಅದೇ ಲೆಕ್ಕ ಇಲ್ಲೂ ಹಾಕಿ. ಒಂದು ಮೆಗಾವ್ಯಾಟಿಗೆ ಸುಮಾರು 6.3 ಎಕರೆ, ಗುತ್ತಿಗೆ ವರ್ಷಕ್ಕೆ 1.33 ಲಕ್ಷ. 17 ಲಕ್ಷ ಯುನಿಟ್ಟಿಗೆ ಹಂಚಿದರೆ ಯುನಿಟ್ಟಿಗೆ ಎಂಟು ಪೈಸೆ ಕೂಡ ಇಲ್ಲ. ಎರಡು ವರ್ಷಕ್ಕೆ ಶೇ. 5 ಅಂದರೆ ವರ್ಷಕ್ಕೆ ಎರಡೂವರೆ. ಬೇಳೆ, ಎಣ್ಣೆ, ಮಕ್ಕಳ ಫೀಸು ಅಷ್ಟು ನಿಧಾನವಾಗಿ ಏರುತ್ತಾ? ಇನ್ನು ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಆ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವರು? ಅವರ ಹೆಸರು ಪಹಣಿಯಲ್ಲಿಲ್ಲ, ಹಾಗಾಗಿ ಗುತ್ತಿಗೆ ಹಣದಲ್ಲೂ ಇಲ್ಲ.

ಶೂಮನ್ ಕಾಲದಿಂದ ಇವತ್ತಿನವರೆಗೂ ದೊಡ್ಡ ಸೋಲಾರ್ ಬದುಕಿದ್ದು, ಸತ್ತಿದ್ದು ಎಲ್ಲಾ ಸಾಲಗಾರನ ಧೈರ್ಯದ ಮೇಲೆ. ಆ ಧೈರ್ಯ ತುಂಬೋಕೆ ಸರ್ಕಾರಗಳು ಎಷ್ಟೆಲ್ಲಾ ಮಾಡಿವೆ. ಮೂರು ಪರ್ಸೆಂಟ್ ಬಡ್ಡಿಗೆ ಒಂದು ರೂಪಾಯಿ ಉಳಿಸಿದವರು, ಅದರಲ್ಲಿ ಇನ್ನೊಂದು ಎಂಟು ಪೈಸೆ ಊರಿಗೆ ಬಿಟ್ಟಿದ್ದರೆ ರೈತನ ಗುತ್ತಿಗೆ ಎರಡು ಪಟ್ಟು ಆಗುತ್ತಿತ್ತು. ಅಥವಾ ಕೂಲಿಯವರಿಗೂ ಒಂದು ಪಾಲು ಸಿಗುತ್ತಿತ್ತು. ಕರೆಂಟು ಆಗಲೂ ಅಗ್ಗವೇ ಇರುತ್ತಿತ್ತು. ಮುಂದಿನ ಪಾರ್ಕಿಗೆ ಜಮೀನು ಕೇಳೋಕೆ ಬಂದಾಗ ಊರಿನವರು ಈ ಎಂಟು ಪೈಸೆ ಲೆಕ್ಕ ಕೈಯಲ್ಲಿಟ್ಟುಕೊಂಡು ಮಾತಾಡಲಿ ಅನ್ನೋದು ನನ್ನಾಸೆ.