ಕಲ್ಯಾಣಿಯ ಮೆಟ್ಟಿಲಿನಿಂದ ಹೊಂಡದ ಹಾಳೆಯವರೆಗೆ

ಸಂಘದ ಷೇರು, ಠೇವಣಿ, ಸಾಲ ವಸೂಲಿಗಳ ಲೆಕ್ಕವನ್ನು ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿ ಸದಸ್ಯ ಬಾಂಧವರು ನೋಡಬಹುದು. ನಾವು ಇಲ್ಲಿ ಬರೆಯಹೊರಟಿರುವುದು ನೀರಿನ ಲೆಕ್ಕ. ಕೂಡಿಟ್ಟ ನೀರು ಸೋರಿ ಹೋಗದಂತೆ ಕೆರೆ, ಕೊಳ, ಹೊಂಡಗಳ ಒಳಮೈಯನ್ನು ನಮ್ಮ ಸೀಮೆಯವರು ಹೇಗೆ ಕಾಪಾಡಿಕೊಂಡು ಬಂದರು ಎಂಬ ಚರಿತ್ರೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಸಂಘಕ್ಕೂ ಸರಿ, ಹೊಂಡಕ್ಕೂ ಸರಿ. ಆದರೆ ತಳ ಸೋರಿದರೆ ಎರಡೂ ಉಳಿಯುವುದಿಲ್ಲ.

ಹಿರಿಯರ ಕಾಲದಲ್ಲಿ ಮೊದಲ ಹೊದಿಕೆ ಎಂದರೆ ಮಣ್ಣೇ. ಕೆರೆ ಏರಿಗೆ ಜೇಡಿ ಮಣ್ಣು ಹಾಕಿ ತುಳಿಸಿ ಗಟ್ಟಿ ಮಾಡುತ್ತಿದ್ದರು. ಅಲೆ ಬಡಿದು ಏರಿ ಕೊರೆಯದಿರಲೆಂದು ಒಳಮೈಗೆ ಕಲ್ಲು ಜೋಡಿಸುತ್ತಿದ್ದರು. ಕೆರೆಯ ತಳದಲ್ಲಿ ವರ್ಷವರ್ಷ ಕೂರುವ ಗೋಡು ಇಂಗುವಿಕೆಯನ್ನು ತಗ್ಗಿಸುತ್ತಿತ್ತು. ಬೇಸಿಗೆಯಲ್ಲಿ ಅದನ್ನೇ ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಸ್ವಲ್ಪ ನೀರು ಇಂಗಿದರೂ ಅದು ದಂಡವಾಗುತ್ತಿರಲಿಲ್ಲ, ಕೆರೆಯ ಕೆಳಗಿನ ಬಾವಿಗಳಿಗೆ ಅದೇ ಜೀವ.

ಎರಡನೆಯ ಹೊದಿಕೆ ಕಲ್ಲು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಆ ಹೆಸರು ಬಂದದ್ದೇ ಅಲ್ಲಿನ ಬಿಳಿಯ ಕೊಳದಿಂದ. ದೊಡ್ಡಬೆಟ್ಟ, ಚಿಕ್ಕಬೆಟ್ಟಗಳ ನಡುವೆ ಊರೊಳಗಿರುವ ಆ ಕಲ್ಯಾಣಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಜೀರ್ಣೋದ್ಧಾರದ ಕೆಲಸ ಶುರುವಾಯಿತು ಎನ್ನುತ್ತಾರೆ. ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಸುತ್ತಲೂ ಚಿಕ್ಕ ಚಿಕ್ಕ ಗುಡಿಗಳು, ನಾಲ್ಕೂ ಕಡೆ ನೀರಿನವರೆಗೆ ಇಳಿಯುವ ಮೆಟ್ಟಿಲುಗಳು. ಆ ಮೆಟ್ಟಿಲುಗಳ ಕೆಲಸ ಎರಡು. ಮಣ್ಣು ಕುಸಿಯದಂತೆ ತಡೆಯುವುದು ಒಂದು. ಇಳಿದವನು ಹತ್ತಿ ಬರುವುದಕ್ಕೆ ದಾರಿ ಇರುವುದು ಇನ್ನೊಂದು. ಈ ಎರಡನೆಯದನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಆಮೇಲಿನದು ಗಾರೆ. ಸುಣ್ಣ, ಮರಳು, ಇಟ್ಟಿಗೆ ಪುಡಿಯನ್ನು ಗಾಣದಲ್ಲಿ ಅರೆದು ತೊಟ್ಟಿಗಳ ಒಳಮೈಗೆ ಬಳಿಯುತ್ತಿದ್ದರು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನೂ ಸುಣ್ಣ-ಸುರ್ಕಿ ಗಾರೆಯಲ್ಲಿಯೇ ಕಟ್ಟಿದ್ದು. ಸಿಮೆಂಟು ಬಂದ ಮೇಲೆ ಗಾರೆಯ ಗಾಣ ನಿಂತುಹೋಯಿತು.

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಾಗ ಇನ್ನು ನೀರಿನ ಚಿಂತೆ ತೀರಿತು ಎಂದುಕೊಂಡವರು ಬಹಳ. ಎಡದಂಡೆ ನಾಲೆ ಚನ್ನರಾಯಪಟ್ಟಣದ ಕಡೆಗೆ, ಬಲದಂಡೆ ನಾಲೆ ಅರಕಲಗೂಡು, ಹೊಳೆನರಸೀಪುರದ ಕಡೆಗೆ ಹೋದವು. ನಾಲೆ ಕೆಳಗಿನವರು ಭತ್ತ ಕಂಡರು. ಆದರೆ ನಾಲೆಗಿಂತ ಎತ್ತರದ ಬೆದ್ದಲು ಹೊಲಕ್ಕೆ ನಾಲೆಯ ನೀರು ತಾನಾಗಿ ಹತ್ತೀತೆ? ಅಲ್ಲಿನ ರಾಗಿ, ಆಲೂಗೆಡ್ಡೆ ಮಳೆಯನ್ನೇ ನಂಬಿದವು. ಹೊಂಡ ತೋಡಿದರೆ ಕೆಂಪು ಮಣ್ಣು, ಮರಳು ಮಿಶ್ರ ನೆಲ. "ಏನಣ್ಣ, ಹೊಂಡ ತೋಡ್ಸಿದ್ಯಲ್ಲ, ನೀರೆಲ್ಲಿ?" ಎಂದರೆ, "ಅದ್ಯಾಕ್ ಕೇಳ್ತೀಯ, ಭೂಮ್ತಾಯಿ ಕುಡ್ದ್‌ಬುಟ್ಲು" ಎಂಬ ಉತ್ತರ.

ಇಂಥ ನೆಲಕ್ಕೆ ಬಂದದ್ದು ಪಾಲಿಥೀನ್ ಹಾಳೆ. ಪಾಲಿಥೀನ್ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ. ಹೆಚ್ಚು ಗಟ್ಟಿಯಾದ ಬಗೆಯನ್ನು 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಂಡುಹಿಡಿದರು. ನಮ್ಮ ರಾಜ್ಯದಲ್ಲಿ 2014-15ನೇ ಸಾಲಿನಲ್ಲಿ ಕೃಷಿ ಭಾಗ್ಯ ಯೋಜನೆ ಬಂದು, ಬದು, ಹೊಂಡ, ಹಾಳೆ, ಪಂಪ್‌ಸೆಟ್ ಎಲ್ಲವೂ ಸಹಾಯಧನದಲ್ಲಿ ಸಿಗುವಂತಾಯಿತು. ಆ ಮೇಲೆ ಹಾಳೆ ಹೊದ್ದ ಹೊಂಡ ಹಳ್ಳಿಹಳ್ಳಿಗೂ ಪರಿಚಯವಾಯಿತು.

ಲೆಕ್ಕ ಹೀಗಿದೆ. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ. ಮೀಟರ್ ಆಳಕ್ಕೆ ಮೀಟರ್ ಇಳಿಜಾರು. ಆಗ ತಳ 6 ಮೀಟರ್ ಚೌಕ. ತುಂಬಿದರೆ ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಎಕರೆಗೆ ಸುಮಾರು ಎರಡೂವರೆ ಇಂಚು ಮಳೆ ಬಿದ್ದಷ್ಟು ನೀರು ಅದು. ಹಸ್ತ, ಚಿತ್ತೆ ಕೈಕೊಟ್ಟ ವರ್ಷ ತೆನೆ ಕಟ್ಟುವ ರಾಗಿಯನ್ನು ಉಳಿಸಿಕೊಳ್ಳಲು ಅಷ್ಟು ಸಾಕು. ಆದರೆ 12 ಮೀಟರ್ ಹೊಂಡಕ್ಕೆ 12 ಮೀಟರ್ ಹಾಳೆ ತಂದರೆ ಕೆಟ್ಟಿರಿ. ಇಳಿಜಾರೂ ಸೇರಿ ಹದಿನಾಲ್ಕೂವರೆ ಮೀಟರ್, ಅಂಚು ಹೂಳಲು ಎರಡೂ ಕಡೆ ಒಂದೊಂದು ಮೀಟರ್, ಒಟ್ಟು ಹದಿನಾರೂವರೆ ಮೀಟರ್ ಚೌಕ ಬೇಕು. ಹಾಳೆಯ ಮೇಲೆ ಐ.ಎಸ್. 15351 ಗುರುತು ನೋಡಿ ಕೊಳ್ಳಬೇಕು.

ಹಾಸುವಾಗ ಆತುರ ಬೇಡ. ಕಲ್ಲು, ಬೇರು, ಕೂಳೆ ಎಲ್ಲ ಆಯಬೇಕು. ಜೇಕಿನ ಗಡ್ಡೆ ಉಳಿದರೆ ಮೊಳಕೆಯೇ ಹಾಳೆಯನ್ನು ಚುಚ್ಚೀತು. ಮೇಲೆ ನಯವಾದ ಮಣ್ಣೋ ಮರಳೋ ಹರಡಿ, ಬೆಳಗಿನ ತಂಪಿನಲ್ಲಿ, ಚಪ್ಪಲಿ ಬಿಟ್ಟು ಹಾಳೆ ಬಿಡಿಸಬೇಕು. ಬಿಗಿಯಾಗಿ ಎಳೆಯಬಾರದು, ನೀರಿನ ಭಾರಕ್ಕೆ ಅದು ತಾನೇ ನೆಲಕ್ಕೆ ಕೂರುತ್ತದೆ. ಸುತ್ತ ಕಾಲುವೆ ತೆಗೆದು ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ನೀರು ಬರುವ ಬಾಯಲ್ಲಿ ಹೂಳು ನಿಲ್ಲಲು ಚಿಕ್ಕ ಗುಂಡಿ ಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಹಾಳೆ ನೀರನ್ನು ಕಲ್ಲಿಗಿಂತ ಚೆನ್ನಾಗಿ ಹಿಡಿಯುತ್ತದೆ, ಬಿದ್ದವರನ್ನೂ ಹಾಗೆಯೇ ಹಿಡಿದುಬಿಡುತ್ತದೆ. ಪಾಚಿ ಕಟ್ಟಿದ ಹಾಳೆಯ ಇಳಿಜಾರಿನಲ್ಲಿ ಕಾಲು ಊರುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಈಜು ಬಲ್ಲವನೂ ದಡ ಮುಟ್ಟಿ ಜಾರಿ ಜಾರಿ ಸೋಲುತ್ತಾನೆ. ಎಳೆಯಲು ಇಳಿದವನೂ ಅವನ ಜೊತೆಗೇ ಹೋಗುತ್ತಾನೆ. ಮಕ್ಕಳು, ದೊಡ್ಡವರು, ದನಕರುಗಳು ಕೃಷಿ ಹೊಂಡದಲ್ಲಿ ಜೀವ ಕಳೆದುಕೊಂಡ ಸುದ್ದಿ ರಾಜ್ಯದ ನಾನಾ ಕಡೆಯಿಂದ ಬಂದಿದೆ. 2023-24ರಲ್ಲಿ ಕೃಷಿ ಭಾಗ್ಯ ಮತ್ತೆ ಆರಂಭವಾದಾಗ ಹೊಂಡದ ಸುತ್ತ ತಂತಿ ಬೇಲಿಯೂ ಯೋಜನೆಯೊಳಗೆ ಸೇರಿತು. ಕಲ್ಯಾಣಿ ಕಟ್ಟಿದವರು ಹೊದಿಕೆಯ ಜೊತೆಗೇ ದಾರಿಯನ್ನೂ ಕಟ್ಟಿದ್ದರು. ನಾವು ಹೊದಿಕೆಯನ್ನಷ್ಟೇ ತಂದು ದಾರಿಯನ್ನು ಮರೆತೆವು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ. ಹಾಳೆಯ ಖರ್ಚು ಬರೆಯುವಾಗಲೇ ಬೇಲಿಯ ಖರ್ಚನ್ನೂ ಬರೆಯಿರಿ. ನಾಲ್ಕೂ ದಂಡೆಗೆ ಗೂಟ ಹೊಡೆದು, ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೇ ಟ್ಯೂಬು ಒಂದು ದಡದಲ್ಲಿರಲಿ. ಬಟ್ಟೆ ಒಗೆಯಲು, ಈಜಲು ಯಾರೂ ಇಳಿಯದಿರಲಿ. ಹಾಗೆಯೇ ಊರ ಕೆರೆಯನ್ನು ಮರೆಯಬೇಡಿ. ಹಾಳೆ ಹೊದ್ದ ಹೊಂಡ ಒಬ್ಬರ ಬೆಳೆ ಕಾಯುತ್ತದೆ, ಬಾವಿ-ಬೋರಿಗೆ ಅದರಿಂದ ತೊಟ್ಟು ನೀರೂ ಇಳಿಯುವುದಿಲ್ಲ. ಊರ ಬಾವಿಗಳನ್ನು ಕಾಯುವುದು ಕೆರೆಯೇ. ಹೊಂಡದ ಕೋಡಿ ನೀರು ಕೆರೆಯ ದಾರಿ ಹಿಡಿಯುವಂತೆ ಹಳ್ಳ ಬಿಡಿಸಿಕೊಡಿ.

ಸಾಲ ಕೊಡುವಾಗ ಜಾಮೀನು ಕೇಳುವುದು ಸಂಘದ ಪದ್ಧತಿ. ನೀರು ಕೂಡಿಡುವಾಗಲೂ ಒಂದು ಜಾಮೀನು ಬೇಕು. ಆ ಬೇಲಿ, ಆ ಹಗ್ಗವೇ ಅದು.