ಹಡಗು ಉತ್ತ ಸಾಲು

2009ರ ಫೆಬ್ರವರಿಯಲ್ಲಿ ಗೂಗಲ್ ಅರ್ತ್‌ಗೆ ಸಮುದ್ರದ ತಳವೂ ಸೇರಿಕೊಂಡಿತು. ಮೂರು ವಾರ ಕಳೆಯುವಷ್ಟರಲ್ಲಿ ಬ್ರಿಟನ್ನಿನ ‘ದ ಸನ್’ ಪತ್ರಿಕೆಯಲ್ಲಿ ಅಟ್ಲಾಂಟಿಸ್ ಪ್ರತ್ಯಕ್ಷವಾಯಿತು. ಕ್ಯಾನರಿ ದ್ವೀಪಗಳಿಂದ ವಾಯವ್ಯಕ್ಕೆ, 31 ಡಿಗ್ರಿ ಉತ್ತರ, 24 ಡಿಗ್ರಿ ಪಶ್ಚಿಮದ ಆಸುಪಾಸಿನಲ್ಲಿ, ನೀಲಿ ತಳದ ಮೇಲೆ ಅಡ್ಡಡ್ಡ ಉದ್ದುದ್ದ ಗೆರೆಗಳು. ಬೀದಿ, ಅಡ್ಡಬೀದಿ, ಕಾಲುವೆ, ಯಾರು ಏನು ಬೇಕಾದರೂ ಓದಿಕೊಳ್ಳಬಹುದಾದ ಚೌಕ. ವಿಸ್ತೀರ್ಣ ಹೆಚ್ಚುಕಡಿಮೆ ವೇಲ್ಸ್ ದೇಶದಷ್ಟು. ಅದನ್ನು ಗುರುತಿಸಿದ್ದು ವೃತ್ತಿಯಲ್ಲಿ ಎಂಜಿನಿಯರ್ ಆಗಿದ್ದ ಒಬ್ಬ ಹವ್ಯಾಸಿ. ಪ್ಲೇಟೋ ಹೇಳಿದ ನಗರ ಮುಳುಗಿ ಮಲಗಿದೆ, ಭೂವಿಜ್ಞಾನಿಗಳಿಗೆ ಕಣ್ಣಿಲ್ಲ ಎಂಬ ಮಾತು ಹಬ್ಬಲು ತಡವಾಗಲಿಲ್ಲ.

ಗೂಗಲ್ ಕೊಟ್ಟ ಉತ್ತರ ಚುಟುಕಾಗಿತ್ತು: ಅವು ಸೋನಾರ್ ಹೊತ್ತ ಹಡಗುಗಳು ಓಡಾಡಿದ ದಾರಿಗಳು. ಉತ್ತರ ಸರಿಯೇ. ಆದರೆ ಅದರೊಳಗೆ ಎರಡು ಪ್ರಶ್ನೆ ಉಳಿದವು. ಹಡಗು ಹೋದ ದಾರಿ ತಳದ ಮೇಲೆ ಗೆರೆಯಾಗಿ ಮೂಡುವುದು ಹೇಗೆ? ಅಟ್ಲಾಂಟಿಕ್ ಇಷ್ಟು ದೊಡ್ಡದಿರುವಾಗ ಹಡಗುಗಳು ಇದೊಂದೇ ಚೌಕವನ್ನು ಹೊಲ ಉತ್ತಂತೆ ಸಾಲು ಹಿಡಿದು ಉತ್ತಿದ್ದೇಕೆ? ದಾಖಲೆ ಹುಡುಕಲು ಹೊರಟಿದ್ದು ಈ ಎರಡನೆಯ ಪ್ರಶ್ನೆಯ ಬೆನ್ನುಹತ್ತಿ.

ಮೊದಲನೆಯದಕ್ಕೆ ಉತ್ತರ 1997ರ ‘ಸೈನ್ಸ್’ ಪತ್ರಿಕೆಯಲ್ಲಿದೆ. ವಾಲ್ಟರ್ ಸ್ಮಿತ್ ಮತ್ತು ಡೇವಿಡ್ ಸ್ಯಾಂಡ್‌ವೆಲ್ ಬರೆದ ಪ್ರಬಂಧ. ನಾವು ‘ಉಪಗ್ರಹ ಚಿತ್ರ’ ಎಂದುಕೊಂಡು ನೋಡುವ ಕಡಲ ತಳ ಫೋಟೋ ಅಲ್ಲವೇ ಅಲ್ಲ. ಉಪಗ್ರಹಕ್ಕೆ ತಳ ಕಾಣುವುದಿಲ್ಲ, ಕಾಣುವುದು ನೀರಿನ ಮೇಲ್ಮೈ. ತಳದಲ್ಲಿ ಎರಡು ಕಿಲೋಮೀಟರ್ ಎತ್ತರದ ಬೆಟ್ಟವಿದ್ದರೆ ಅದರ ಗುರುತ್ವಕ್ಕೆ ಸುತ್ತಲಿನ ನೀರು ಎಳೆದುಕೊಂಡು, ಮೇಲ್ಮೈ ಸುಮಾರು ಎರಡು ಮೀಟರ್ ಉಬ್ಬುತ್ತದೆ. ರೇಡಾರಿನಿಂದ ಆ ಉಬ್ಬನ್ನು ಅಳೆದು, ಕೆಳಗೆ ಇಂಥ ಬೆಟ್ಟವಿರಬೇಕು ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ನೌಕಾಪಡೆಯ ಜಿಯೋಸ್ಯಾಟ್ ಉಪಗ್ರಹ ಇಂಥದ್ದೇ ಅಳತೆ ಮಾಡಿತ್ತು. ಅದರ ಗುಟ್ಟಿನ ದತ್ತಾಂಶ ಪೂರ್ತಿಯಾಗಿ ಬಯಲಿಗೆ ಬಂದಿದ್ದು 1995ರಲ್ಲಿ.

ಹೀಗೆ ಲೆಕ್ಕದಿಂದ ಬಂದ ನುಣುಪು ತಳದ ಮೇಲೆ, ಹಡಗುಗಳು ನಿಜವಾಗಿ ಅಳೆದ ಆಳವನ್ನು ಕೂರಿಸುತ್ತಾರೆ. ಎರಡೂ ತಾಳೆಯಾದರೆ ಗೆರೆ ಕಾಣದು. ಆಗದಿದ್ದರೆ ಹಡಗಿನ ದಾರಿಯುದ್ದಕ್ಕೂ ಒಂದು ಮೆಟ್ಟಿಲು ಬೀಳುತ್ತದೆ. ಆ ಚೌಕವಿರುವ ಕಡೆ ಕಡಲಿನ ಆಳ ಸುಮಾರು 5,400 ಮೀಟರ್. ಹಡಗು ಆಳ ಅಳೆಯುವುದು ಶಬ್ದದ ಪ್ರತಿಧ್ವನಿಯಿಂದ; ನೀರಿನಲ್ಲಿ ಶಬ್ದದ ವೇಗವನ್ನು ಶೇಕಡಾ ಒಂದರಷ್ಟು ತಪ್ಪು ಹಿಡಿದರೂ ಅಳತೆ 54 ಮೀಟರ್ ಆಚೀಚೆ ಆಗುತ್ತದೆ. ಹಳೆಯ ಎಕೋಸೌಂಡರುಗಳು ವೇಗವನ್ನು ಸೆಕೆಂಡಿಗೆ 1,500 ಮೀಟರ್ ಎಂದು ಒಂದೇ ಸಮ ಹಿಡಿದುಬಿಡುತ್ತಿದ್ದವು. ಉಪ್ಪು, ಉಷ್ಣತೆ, ಒತ್ತಡಕ್ಕೆ ತಕ್ಕಂತೆ ತಿದ್ದುಪಡಿ ಆಮೇಲೆ, ಮಾಡಿದರೆ ಮಾಡಿದರು. ಹೀಗೆ ಬಿದ್ದ ಮೆಟ್ಟಿಲಿಗೆ ನೆರಳು ಬಳಿದು, ಎತ್ತರವನ್ನು ಉತ್ಪ್ರೇಕ್ಷಿಸಿ ತೋರಿಸಿದರೆ ಬೀದಿ ತಯಾರು. ಅಂದಹಾಗೆ, ಆ ನಕ್ಷೆಯಲ್ಲಿ ತೀರಾ ಸಣ್ಣ ವಿವರವೂ ಸುಮಾರು ಒಂದು ಕಿಲೋಮೀಟರ್ ಅಗಲ. ಅಷ್ಟು ಅಗಲದ ಬೀದಿ ಯಾವ ರಥಕ್ಕಪ್ಪಾ ಬೇಕು!

ಎರಡನೆಯ ಪ್ರಶ್ನೆ ಕರೆದುಕೊಂಡು ಹೋಗಿದ್ದು ಯಾರೂ ನೆನೆಸದ ಕಡೆಗೆ. ಆ ಚೌಕವಿರುವ ಜಾಗ ಮಡೀರಾ ಅಗಾಧ ಬಯಲು. 1980ರ ದಶಕದ ಸಾಗರಶಾಸ್ತ್ರದ ವರದಿಗಳಲ್ಲಿ ಅದೇ ಅಕ್ಷಾಂಶ ರೇಖಾಂಶಗಳು ‘ಗ್ರೇಟ್ ಮೀಟಿಯರ್ ಈಸ್ಟ್’ ಎಂಬ ಹೆಸರಿನಲ್ಲಿ ಸಿಗುತ್ತವೆ. ಬ್ರಿಟನ್ ಮತ್ತಿತರ ದೇಶಗಳು ಪರಮಾಣು ಸ್ಥಾವರಗಳ ಅತಿ ವಿಕಿರಣದ ತ್ಯಾಜ್ಯವನ್ನು ಕಡಲ ತಳದ ಕೆಸರಿನಲ್ಲಿ ಹೂಳಬಹುದೇ ಎಂದು ಆಗ ಪರೀಕ್ಷಿಸುತ್ತಿದ್ದವು. ಅದಕ್ಕೆ ಆರಿಸಿಕೊಂಡ ಜಾಗಗಳಲ್ಲಿ ಇದೂ ಒಂದು. ವರದಿಗಳಲ್ಲಿ ಆ ಜಾಗಕ್ಕೆ ಕೊಟ್ಟ ಮೇರೆ: 30.5ರಿಂದ 32.5 ಡಿಗ್ರಿ ಉತ್ತರ, 23ರಿಂದ 26 ಡಿಗ್ರಿ ಪಶ್ಚಿಮ. ಅಟ್ಲಾಂಟಿಸ್ ಅದರ ಹೊಟ್ಟೆಯೊಳಗೇ ಕೂತಿದೆ. ವಿಷ ಹೂಳುವ ಜಾಗವನ್ನು ಅಂಗುಲ ಅಂಗುಲ ನೋಡಲೇಬೇಕು. ಸಾಲು ಬಿಡದೆ ಸುತ್ತಿದ ಹಡಗುಗಳಿಗೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಹೊಳೆಯುವುದಿಲ್ಲ. ಹೂಳುವ ಯೋಜನೆ ಮುಂದೆ ನಿಂತೇಹೋಯಿತು.

1994ರಲ್ಲಿ ಅಂತರರಾಷ್ಟ್ರೀಯ ಸಾಗರ ಕೊರೆತ ಯೋಜನೆಯ ಹಡಗು ಇದೇ ಬಯಲಿನಲ್ಲಿ ಮೂರು ಕಡೆ ತೂತು ಕೊರೆಯಿತು. ಮೇಲೆ ಬಂದದ್ದು ಕೆಸರಿನ ಪದರದ ಮೇಲೆ ಪದರ. ಕ್ಯಾನರಿ ಜ್ವಾಲಾಮುಖಿಗಳ ಮೈ ಕುಸಿದಾಗ, ಆಫ್ರಿಕದ ಅಂಚು ಜಾರಿದಾಗ ಹರಿದು ಬಂದು ಹರಡಿದ ರಾಡಿ. ಅದು ಹರಡಿ ಹರಡಿಯೇ ಆ ಬಯಲು ಅಷ್ಟು ಮಟ್ಟಸ. ನಗರವನ್ನು ಹುಡುಕಲು ಇದಕ್ಕಿಂತ ಬರಡು ಜಾಗ ಅಟ್ಲಾಂಟಿಕ್‌ನಲ್ಲಿ ಸಿಗುವುದು ಕಷ್ಟ.

ಹವ್ಯಾಸಿಯ ವಾದದಲ್ಲಿ ನನಗೆ ತಮಾಷೆ ಎನಿಸಿದ್ದು ಬೇರೆಯೇ. ಆ ಚಿತ್ರದಲ್ಲಿ ಮನುಷ್ಯ ನಿಜವಾಗಿ ಅಳೆದದ್ದು ಆ ಗೆರೆಗಳನ್ನು ಮಾತ್ರ. ಸುತ್ತಲ ನುಣುಪು ತಳವೆಲ್ಲ ಲೆಕ್ಕದ ಊಹೆ. ಅವರು ಊಹೆಯನ್ನು ಸಹಜ ನೆಲವೆಂದು ಒಪ್ಪಿಕೊಂಡು, ಅಳತೆಯನ್ನು ಅವಶೇಷವೆಂದು ಕರೆದರು. 2012ರಲ್ಲಿ ನಕ್ಷೆಯನ್ನು ತಿದ್ದಿದಾಗ ಗೆರೆಗಳು ಹೋದವು. ಸತ್ಯ ಮುಚ್ಚಿಟ್ಟರು ಎನ್ನುವವರು ಈಗ ವಿಶ್ವದ ಕಡಲ ತಳದ ನಕ್ಷೆ ಮಾಡುವ ಜೆಬ್ಕೋ ಸಂಸ್ಥೆಯ ಕಡತವನ್ನು ಬಿಡಿಸಿ ನೋಡಬಹುದು. ಅಲ್ಲಿ ಪ್ರತಿ ಚೌಕಕ್ಕೂ ಒಂದು ಸಂಕೇತಸಂಖ್ಯೆ: 11 ಎಂದರೆ ಹಡಗಿನ ಬಹುಕಿರಣ ಸೋನಾರ್ ಅಳೆದದ್ದು, 40 ಎಂದರೆ ಗುರುತ್ವದಿಂದ ಊಹಿಸಿದ್ದು. ಕಡತ ಉಚಿತ.

ನಕ್ಷೆಯನ್ನು ನಂಬಿ ಮೋಸಹೋಗುವುದು ಹವ್ಯಾಸಿಗಳ ಜಾಡ್ಯವೇ? ಅಲ್ಲ. ಆಸ್ಟ್ರೇಲಿಯ ಮತ್ತು ನ್ಯೂ ಕ್ಯಾಲೆಡೋನಿಯದ ನಡುವೆ ಸ್ಯಾಂಡಿ ಎಂಬ ದ್ವೀಪವೊಂದಿತ್ತು, ನಕ್ಷೆಯಲ್ಲಿ. 1876ರಲ್ಲಿ ‘ವೆಲಾಸಿಟಿ’ ಎಂಬ ಹಡಗು ಅಲ್ಲಿ ಮರಳು ದಿಬ್ಬಗಳಿವೆ ಎಂದು ತಿಳಿಸಿತು. 1908ರ ಬ್ರಿಟಿಷ್ ನೌಕಾ ನಕ್ಷೆಗೆ ಅದು ಏರಿತು, ಹಳೆಯ ನಕ್ಷೆಗಳನ್ನು ಗಣಕಕ್ಕೆ ತುಂಬುವಾಗ ವಿಶ್ವ ಕರಾವಳಿಯ ದತ್ತಾಂಶಕ್ಕೂ ನುಸುಳಿತು, ಅಲ್ಲಿಂದ ಗೂಗಲ್‌ಗೆ, ವಿಜ್ಞಾನಿಗಳ ಗಣಕಗಳಿಗೆ. 2012ರ ನವೆಂಬರಿನಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಮರಿಯಾ ಸೆಟನ್ ಮತ್ತು ಸಂಗಡಿಗರಿದ್ದ ‘ಸದರ್ನ್ ಸರ್ವೇಯರ್’ ಹಡಗು ಅಲ್ಲಿಗೆ ಹೋಯಿತು. ದ್ವೀಪವಿರಬೇಕಾದಲ್ಲಿ ಹಡಗಿನ ನಕ್ಷೆ 1,400 ಮೀಟರ್ ಆಳ ತೋರಿಸುತ್ತಿತ್ತು. ದ್ವೀಪವಿಲ್ಲ, ನೀರಷ್ಟೇ. ಮರುವರ್ಷ ಅವರು ‘ಈಯಾಸ್’ ಪತ್ರಿಕೆಯಲ್ಲಿ ಆ ದ್ವೀಪಕ್ಕೆ ಮರಣವಾರ್ತೆ ಬರೆದರು. ಫ್ರೆಂಚರ ಜಲನಕ್ಷೆ ಇಲಾಖೆ 1970ರ ದಶಕದಲ್ಲೇ ಅದನ್ನು ತನ್ನ ನಕ್ಷೆಯಿಂದ ಅಳಿಸಿಹಾಕಿತ್ತು. ಆ ನಕ್ಷೆಯನ್ನು ತೆರೆದು ನೋಡಿದವರು ಕಡಿಮೆ.