ಮೈಸೂರಿನ ತಾಮ್ರದ ಕಾಸು: ಟಂಕಸಾಲೆಯ ಹೆಸರು, ಸಂತೆಯ ಹೆಸರು

ಮೈಸೂರು ಸಂಸ್ಥಾನದ ನಾಣ್ಯಗಳೆಂದೊಡನೆ ನೆನಪಾಗುವುದು ವರಹ ಮತ್ತು ಕಂಠೀರವ ಹಣ. ಆದರೆ ಎಲೆ ಅಡಿಕೆ, ಉಪ್ಪು, ಎಣ್ಣೆಯ ವ್ಯವಹಾರ ನಡೆಯುತ್ತಿದ್ದುದು ತಾಮ್ರದ ಕಾಸು, ದುಡ್ಡುಗಳಲ್ಲಿ. ಜನಸಾಮಾನ್ಯರು ನಿತ್ಯವೂ ಕೈಯಲ್ಲಿ ಹಿಡಿದ ಪ್ರಭುತ್ವದ ಮುದ್ರೆ ಇದೊಂದೇ ಎಂದರೂ ತಪ್ಪಾಗಲಾರದು.

ಟಿಪ್ಪು ಸುಲ್ತಾನನು ತಾಮ್ರದ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರನ್ನಿಟ್ಟನು. ಜೋಡಿ ಪೈಸೆ ಮೊದಲು ‘ಉಸ್ಮಾನಿ’, ಬಳಿಕ ‘ಮುಷ್ತರಿ’, ಅಂದರೆ ಗುರು. ಪೈಸೆ ‘ಜೊಹ್ರಾ’, ಅಂದರೆ ಶುಕ್ರ. ಅರ್ಧ ಪೈಸೆ ‘ಬಹ್ರಾಮ್’, ಅಂದರೆ ಕುಜ. ಕಾಲು ಪೈಸೆ ‘ಅಖ್ತರ್’, ಅರೆಕಾಲು ‘ಕುತ್ಬ್’. ಟಂಕಸಾಲೆಯ ಊರುಗಳಿಗೂ ಹೊಸ ಹೆಸರು ಬಂದವು. ಚಿತ್ರದುರ್ಗವು ‘ಫರ್ರುಖ್‌ಯಾಬ್ ಹಿಸಾರ್’, ಗುತ್ತಿಯು ‘ಫೈಜ್ ಹಿಸಾರ್’ ಆದವು. ಇವಾವುವೂ ಜನರ ನುಡಿಯಲ್ಲಿ ನೆಲೆಯೂರಲಿಲ್ಲ. ಇದಕ್ಕೆ ಅಪವಾದವೂ ಉಂಟು: ಹೈದರಾಲಿಯು ಬಿದನೂರಿಗಿಟ್ಟ ‘ಹೈದರ್‌ನಗರ’ದಲ್ಲಿ ಹೈದರನ ಹೆಸರು ಕಳಚಿ, ‘ನಗರ’ ಇಂದಿಗೂ ಉಳಿದಿದೆ.

ನಾಣ್ಯದ ಒಂದು ಮುಖದಲ್ಲಿ ಪಾರಸಿ ಲಿಪಿ, ಇನ್ನೊಂದರಲ್ಲಿ ಆನೆ. ಪಾರಸಿ ಬಾರದ ರೈತನಿಗೆ ಆನೆಯೇ ಅಕ್ಷರ. 1799ರಲ್ಲಿ ಟಿಪ್ಪು ಮಡಿದ ನಂತರವೂ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಮೇಲೆ ಆನೆ ಮುಂದುವರಿಯಿತು. ಅದರ ಮೇಲ್ಗಡೆ ‘ಶ್ರೀ’ಕಾರ ಸೇರಿತು. ರಾಜ್ಯ ಬದಲಾದರೂ ಜನರಿಗೆ ಪರಿಚಿತವಾದ ಗುರುತನ್ನು ಕೈಬಿಡದಿರುವಷ್ಟು ಎಚ್ಚರ ಅರಮನೆಗಿತ್ತೆಂದು ಇದನ್ನು ಅರ್ಥೈಸಬೇಕು.

ಚಿಲ್ಲರೆಯ ಹೊರೆ ಬೀಳುತ್ತಿದ್ದುದು ಬಡವರ ಮೇಲೆಯೇ. ತಾಮ್ರಕ್ಕೂ ಬೆಳ್ಳಿಗೂ ಇದ್ದ ದರ ಸ್ಥಿರವಲ್ಲ. ಅದು ಸರಾಫರ ಕಟ್ಟೆಯಲ್ಲಿ ನಿರ್ಧಾರವಾಗುತ್ತಿತ್ತು. ಕಾಸಿನಲ್ಲಿ ದುಡಿದವನು ದೊಡ್ಡ ನಾಣ್ಯಕ್ಕೆ ಬದಲಿಸಿಕೊಳ್ಳುವಾಗ ವಟ್ಟ ತೆರಬೇಕಾಗಿತ್ತು. ‘ಬಿಡಿಗಾಸು’, ‘ಪುಡಿಗಾಸು’, ‘ಕುರುಡುಗಾಸು’ ಎಂಬ ಮಾತುಗಳಲ್ಲಿರುವ ಕಹಿಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಲಾಗದು. ವರಹವನ್ನು ಹೀಗೆ ಹೀಗಳೆಯುವ ನುಡಿಗಟ್ಟು ಬಳಕೆಗೆ ಬರಲಿಲ್ಲವೆಂಬುದೂ ಗಮನಾರ್ಹ.

1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂದಿತು, 1843ರಲ್ಲಿ ಮುಚ್ಚಿತು. ಅಷ್ಟರೊಳಗೆ ಒಂದು ಕುತೂಹಲದ ಬೆಳವಣಿಗೆ ನಡೆದಿತ್ತು. ಮುಮ್ಮಡಿಯವರ ಕೆಲವು ನಾಣ್ಯಗಳಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೇ ಮುದ್ರೆಯಾಯಿತು. ಗ್ರಹಗಳ ಹೆಸರು ಕೂರದ ಕಡೆ ಸಂತೆಯ ಹೆಸರು ಕುಳಿತಿತು. ಅದೇ ನಾಣ್ಯದಲ್ಲಿ ಇಂಗ್ಲಿಷಿನ ‘ಕ್ಯಾಶ್’ ಎಂಬ ಪದವೂ ಇದೆ. ಆ ಪದವೂ ದ್ರಾವಿಡ ನುಡಿಗಳ ‘ಕಾಸು’ ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿ ಇಂಗ್ಲಿಷಿಗೆ ಹೋದದ್ದು. ಹೀಗಾಗಿ ಆ ಪುಟ್ಟ ತಾಮ್ರದ ಬಿಲ್ಲೆಯ ಮೇಲೆ ಕಾಸು ಎರಡು ಬಾರಿ ಅಚ್ಚಾಗಿದೆ.